ಕ್ಯಾನನ್ ಹುಡುಗ, ನಿಕಾನ್ ಕ್ಯಾಮೆರಾ, ಕಂಬಳದ ರಾತ್ರಿ

ಇವತ್ತು ನನ್ನ ದನಿ ಸ್ವಲ್ಪ ಗೊರಗೊರ ಅಂತ ಉಂಟು, ಸಹಿಸಿಕೊಳ್ಳಿ. ಶನಿವಾರ ರಾತ್ರಿಯಿಡೀ ಕಂಬಳದ ಕರೆಯ ಬದಿಯಲ್ಲಿ ನಿಂತು ಚಳಿ ತಿಂದು ಬಂದಿದ್ದೇನೆ.

ಕಂಬಳ ನನಗೆ ಹೊಸತಲ್ಲ, ಆರು ವರ್ಷದಿಂದ ಫೋಟೋ ತೆಗೀತಿದ್ದೇನೆ. ಹೊಸತು ಏನಂದ್ರೆ ಈ ಸಲ ಕೈಯಲ್ಲಿದ್ದ ಕ್ಯಾಮೆರಾ. ನಾನು ಕ್ಯಾನನ್ ಜಾತಿಯವನು. ನಿಕಾನ್ ಹಿಡಿದವರನ್ನು ಕಂಡರೆ ತಮಾಷೆ ಮಾಡುವ ಪೈಕಿ. ಅಂಥ ನಾನು ಮೊನ್ನೆ ಹನ್ನೆರಡು ಗಂಟೆ ನಿಕಾನ್ ಝೆಡ್ 9 ಹಿಡಿದು ಓಡಾಡಿದೆ. ಗುರುತಿನವರು ನೋಡಿದರು. ಒಬ್ಬರು ಹತ್ತಿರ ಬಂದು, ‘ಎಂತ ಮಾರಾಯಾ, ಪಾರ್ಟಿ ಚೇಂಜಾ?’ ಅಂತ ಕೇಳಿಯೂ ಬಿಟ್ಟರು.

ಮೊದಲೇ ಹೇಳಿಬಿಡ್ತೇನೆ, ಇದು ಜಾಹೀರಾತು ಅಲ್ಲ. ಯಾವ ಕಂಪನಿಯೂ ನನಗೆ ದುಡ್ಡು ಕೊಟ್ಟಿಲ್ಲ. ಕೊಟ್ಟರೆ ತಗೊಳ್ತೇನೆ, ಅದು ಬೇರೆ ವಿಷಯ.

ಕಥೆ ಹೀಗೆ. ನನ್ನ ಕಾಲೇಜು ಗೆಳೆಯ ಒಬ್ಬನಿಗೆ ಮಸ್ಕತ್‌ನಲ್ಲಿ ಕೆಲಸ ಆಗಿದೆ. ಅವನ ಹತ್ತಿರ ಝೆಡ್ 9 ಉಂಟು, ಜೊತೆಗೆ 70-200 ಎಫ್ 2.8 ಲೆನ್ಸ್. ಎರಡೂ ಸೇರಿ ಮೂರೂಕಾಲು ಲಕ್ಷಕ್ಕೆ ಕೊಡ್ತೇನೆ ಅಂದ. ‘ಸೋಮವಾರದೊಳಗೆ ಹೇಳು, ಇಲ್ಲದಿದ್ರೆ ಬೇರೆಯವರು ಕಾಯ್ತಾ ಇದ್ದಾರೆ’ ಅಂತ ಗಡುವು ಬೇರೆ. ನನ್ನ ಬ್ಯಾಂಕ್ ಅಕೌಂಟ್‌ನಲ್ಲಿ ಅಷ್ಟು ಹಣ ಇಲ್ಲ. ಅಪ್ಪನ ಹೆಸರಲ್ಲಿ ಒಂದು ಎಫ್‌ಡಿ ಉಂಟು, ತಂಗಿಯ ಓದಿಗೆ ಅಂತ ಇಟ್ಟದ್ದು. ಅಪ್ಪ ಒಂದೇ ಮಾತು ಹೇಳಿದರು: ‘ಬೇಕಾದ್ರೆ ತೆಗಿ, ಆದ್ರೆ ಬೇಕಾ ಅಂತ ನೀನೇ ಹೇಳ್ಬೇಕು.’ ಬೈದಿದ್ದರೆ ಸುಲಭ ಆಗ್ತಿತ್ತು. ಹೀಗೆ ಹೇಳಿದರೆ ಎಂತ ಮಾಡುದು?

ನನ್ನ ಈಗಿನ ಕ್ಯಾಮೆರಾ ಕ್ಯಾನನ್ ಒನ್ ಡಿ ಎಕ್ಸ್ ಮಾರ್ಕ್ 2. 2016ರಲ್ಲಿ ಬಂದ ಮಾಡೆಲ್. ಆ ವರ್ಷ ರಿಯೋ ಒಲಿಂಪಿಕ್ಸ್. ಪ್ರೊಫೆಶನಲ್ ಸ್ಪೋರ್ಟ್ಸ್ ಕ್ಯಾಮೆರಾಗಳು ಹೆಚ್ಚಾಗಿ ಒಲಿಂಪಿಕ್ಸ್ ಹತ್ತಿರ ಬರುವಾಗಲೇ ಹೊರಗೆ ಬರುವುದು. ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್, ನನಗೆ ಈ ಕೆಲಸ ಕಲಿಸಿದ ಉಡುಪಿ ಕಡೆಯ ಒಬ್ಬ ಹಿರಿಯ ಫೋಟೋಗ್ರಾಫರ್ ಹತ್ತಿರ. ಅಣ್ಣ ಅಂತ ನಾನು ಅವರನ್ನು ಕರೆಯುವುದು, ವಯಸ್ಸಲ್ಲಿ ಅಪ್ಪನಷ್ಟೇ ಇದ್ದಾರೆ. ಹನ್ನೆರಡು ಕಂತಿನಲ್ಲಿ ಹಣ ಕೊಟ್ಟೆ, ಬಡ್ಡಿ ತಗೊಳ್ಳಲಿಲ್ಲ. ಹಾಗಾಗಿ ಆ ಕ್ಯಾಮೆರಾ ಮಾರುವುದು ಅಂದರೆ ಬರೀ ಲೆಕ್ಕದ ವಿಷಯ ಅಲ್ಲ.

ಆದರೂ ಬಿ.ಕಾಂ. ಮಾಡಿದವನು, ಲೆಕ್ಕ ಹಾಕದೆ ಇರ್ಲಿಕ್ಕೆ ಆಗುದಿಲ್ಲ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಕಂಬಳ ನೋಡದವರಿಗೆ ಸ್ವಲ್ಪ. ಕೆಸರು ನೀರು ತುಂಬಿದ ಉದ್ದನೆಯ ಓಟದ ಗದ್ದೆ, ಅದಕ್ಕೆ ಕರೆ ಅಂತಾರೆ. ಪಕ್ಕಪಕ್ಕದಲ್ಲಿ ಎರಡು ಕರೆ ಇದ್ದರೆ ಜೋಡುಕರೆ. ಒಂದು ಜೋಡಿ ಕೋಣ, ಹಿಂದೆ ಒಬ್ಬ ಓಟಗಾರ. ಓಟ ಮುಗಿಯುವ ತುದಿ ಮಂಜೊಟ್ಟಿ. ಶನಿವಾರ ಬೆಳಿಗ್ಗೆ ಶುರುವಾದರೆ ರಾತ್ರಿಯಿಡೀ ನಡೆದು ಫೈನಲ್ ಆಗುವಾಗ ಭಾನುವಾರ. ವೇಗ ಎಷ್ಟು ಅಂದ್ರೆ, 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು, ದೇಶವೆಲ್ಲ ಅದೇ ಸುದ್ದಿ ಇತ್ತು. ಭಾಗಿಸಿ ನೋಡಿ. ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ.

ಈಗ ಇದನ್ನು ಫೋಟೋಗ್ರಾಫರ್ ಕಣ್ಣಲ್ಲಿ ನೋಡುವಾ. ನನ್ನ ಕ್ಯಾನನ್ ಸೆಕೆಂಡಿಗೆ 14 ಫೋಟೋ ಹೊಡೀತದೆ. ಅಂದರೆ ಒಂದು ಫೋಟೋಗೂ ಇನ್ನೊಂದಕ್ಕೂ ನಡುವೆ ಆ ಓಟಗಾರ ಮುಕ್ಕಾಲು ಮೀಟರ್ ಮುಂದೆ ಬಂದಿರ್ತಾನೆ. ಝೆಡ್ 9 ರಾ ಫೈಲ್‌ನಲ್ಲಿ ಸೆಕೆಂಡಿಗೆ 20. ಅಲ್ಲಿ ಆ ಅಂತರ ಅರ್ಧ ಮೀಟರ್. ಇಷ್ಟೇನಾ ವ್ಯತ್ಯಾಸ ಅನ್ನಿಸಬಹುದು. ನಿಜ ಹೇಳಬೇಕಂದ್ರೆ ಇಷ್ಟೇ. ಸೆಕೆಂಡಿಗೆ ಎಷ್ಟು ಫೋಟೋ ಅನ್ನುವುದು ಡಬ್ಬದ ಮೇಲೆ ಬರೆಯಲಿಕ್ಕೆ ಒಳ್ಳೆಯ ನಂಬರ್. ಕರೆಯ ಬದಿಯಲ್ಲಿ ನಿಂತವನ ಕಷ್ಟ ಬೇರೆ.

ಕಷ್ಟ ಏನು ಅಂದ್ರೆ ನೀರು. ಮಂಜೊಟ್ಟಿಯ ಹತ್ತಿರ ನಿಂತರೆ ಅವರು ನೇರ ನಮ್ಮ ಕಡೆಗೇ ಬರ್ತಾರೆ. ಮುಂದೆ ಎರಡು ಕೋಣದ ತಲೆ, ನಡುವೆ ಎದ್ದ ನೀರಿನ ಗೋಡೆ, ಅದರ ಹಿಂದೆ ಎಲ್ಲೋ ಓಟಗಾರನ ಮುಖ. ಫೋಕಸ್ ಎಲ್ಲಿಗೆ ಹೋಗಬೇಕು? ನನಗೆ ಬೇಕಾದದ್ದು ಹಿಂದಿನ ಮುಖ. ಹತ್ತಿರ ಇರುವುದು ನೀರು.

ಇಲ್ಲಿ ನನ್ನ ಹಳೆಯ ಕ್ಯಾಮೆರಾದ ಒಳಗಿನ ವಿಷಯ ಒಂದು ಹೇಳಬೇಕು. ಅದರಲ್ಲಿ ಫೋಕಸ್ ಪಾಯಿಂಟ್ 61. ಒಳ್ಳೆಯ ಪಾಯಿಂಟ್‌ಗಳೇ. ಆದರೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ನೋಡುವ ಸೆನ್ಸರ್ ಬೇರೆಯೇ ಇರ್ತದೆ, ಅದಕ್ಕೆ ಚಿತ್ರದ ಅಂಚು ಕಾಣುವುದಿಲ್ಲ. ಪಾಯಿಂಟೆಲ್ಲ ನಡುವೆ ಗುಂಪು ಕಟ್ಟಿಕೊಂಡಿರ್ತವೆ. ಕ್ಯಾಮೆರಾ ಉದ್ದಕ್ಕೆ ಹಿಡಿದು ಕೆಳಗೆ ಕೋಣ, ಮೇಲೆ ಓಟಗಾರನ ಮುಖ ಬರುವ ಹಾಗೆ ಫ್ರೇಮ್ ಮಾಡಿದರೆ, ಆ ಮುಖ ಇರುವ ಜಾಗದಲ್ಲಿ ಪಾಯಿಂಟೇ ಇಲ್ಲ. ಹಾಗಾಗಿ ನಾನು ಆರು ವರ್ಷದಿಂದ ಮುಖವನ್ನು ನಡುವೆ ಇಟ್ಟು, ಸುತ್ತ ಜಾಗ ಬಿಟ್ಟು ತೆಗೆದು, ಆಮೇಲೆ ಕತ್ತರಿಸಿ ಸರಿಮಾಡುತ್ತಿದ್ದೆ. 20 ಮೆಗಾಪಿಕ್ಸೆಲ್‌ನಲ್ಲಿ ಹಾಗೆ ಕತ್ತರಿಸಿದರೆ ಉಳಿಯುವುದು ಸ್ವಲ್ಪವೇ. ನನ್ನ ಎಲ್ಲ ಕಂಬಳದ ಫೋಟೋಗಳೂ ಒಂದೇ ಥರ ಯಾಕೆ ಇವೆ ಅಂತ ಯಾರೋ ಕೇಳಿದ್ದರು. ಅದು ನನ್ನ ಶೈಲಿ ಅಂದುಕೊಂಡಿದ್ದೆ. ಶೈಲಿ ಅಲ್ಲ ಮಾರಾಯ್ರೆ, ಪಾಯಿಂಟ್ ಇಲ್ಲದ್ದು.

ಝೆಡ್ 9ರಲ್ಲಿ ಕನ್ನಡಿ ಇಲ್ಲ. ಚಿತ್ರ ತೆಗೆಯುವ ಸೆನ್ಸರೇ ಫೋಕಸನ್ನೂ ನೋಡ್ತದೆ. 493 ಪಾಯಿಂಟ್, ಫ್ರೇಮಿನ ತುಂಬ. ಜೊತೆಗೆ ಮನುಷ್ಯನೋ, ಪ್ರಾಣಿಯೋ, ವಾಹನವೋ ಅಂತ ಗುರುತಿಸುವ ಬುದ್ಧಿ.

ಆ ಬುದ್ಧಿ ಜೊತೆ ನನ್ನ ಮೊದಲ ಎರಡು ಗಂಟೆ ಹೇಗಿತ್ತು ಅಂದ್ರೆ, ಕೇಳಬೇಡಿ. ಕಂಬಳ ಅಲ್ವಾ, ಕೋಣ ಅಲ್ವಾ ಅಂತ ನಾನು ಜಾಣತನದಿಂದ ‘ಪ್ರಾಣಿ’ ಅಂತ ಸೆಟ್ಟಿಂಗ್ ಇಟ್ಟೆ. ಕ್ಯಾಮೆರಾ ಹೇಳಿದ್ದನ್ನೇ ಮಾಡಿತು, ಕೋಣದ ತಲೆಗೆ ಹೋಗಿ ಕೂತಿತು. ಎಡದ ಕೋಣದ ಕಣ್ಣು, ರೆಪ್ಪೆ, ಮೂಗಿನ ಹಗ್ಗ ಎಲ್ಲ ಚೂರಿ ಹಾಗೆ ಸ್ಪಷ್ಟ. ಹಿಂದೆ ಓಟಗಾರ ಮಂಜು. ಎರಡು ಗಂಟೆ ನಾನು ಒಳ್ಳೊಳ್ಳೆಯ ಕೋಣದ ಪಾಸ್‌ಪೋರ್ಟ್ ಫೋಟೋ ತೆಗೆದೆ. ಸೆಟ್ಟಿಂಗ್ ‘ಮನುಷ್ಯ’ ಅಂತ ಬದಲಾಯಿಸಲಿಕ್ಕೆ ಮೆನುವಿನಲ್ಲಿ ಹುಡುಕಿದ್ದೇ ಹುಡುಕಿದ್ದು.

ಇನ್ನೂ ಉಂಟು. ಕ್ಯಾನನ್‌ನಲ್ಲಿ ಲೆನ್ಸ್ ಹಾಕಿ ಲಾಕ್ ಮಾಡುವ ದಿಕ್ಕು ನಿಕಾನ್‌ನಲ್ಲಿ ಬಿಚ್ಚುವ ದಿಕ್ಕು. ಝೂಮ್ ತಿರುಗಿಸುವುದೂ ಉಲ್ಟಾ. ಆನ್ ಮಾಡುವ ಸ್ವಿಚ್ಚು ನನ್ನ ಕ್ಯಾಮೆರಾದಲ್ಲಿ ಹಿಂಬದಿಗೆ, ಇದರಲ್ಲಿ ಶಟರ್ ಬಟನ್ನಿನ ಸುತ್ತ. ಹೆದ್ದಾರಿಯಲ್ಲಿ ಬೈಕ್ ಓಡಿಸುವಾಗ ಗೇರು ಮತ್ತು ಬ್ರೇಕು ಅದಲುಬದಲು ಮಾಡಿ ಕೊಟ್ಟರೆ ಹೇಗಿರ್ತದೆ? ಓಟ ಹನ್ನೆರಡು-ಹದಿಮೂರು ಸೆಕೆಂಡ್. ನಮ್ಮ ಹತ್ತಿರ ಬರುವ ಕೊನೆಯ ಎರಡು ಸೆಕೆಂಡ್ ಮಾತ್ರ ಕೆಲಸಕ್ಕೆ ಬರುವುದು. ಆ ಎರಡು ಸೆಕೆಂಡಿನಲ್ಲಿ ನನ್ನ ಎಡಗೈ ಆರು ವರ್ಷದ ಅಭ್ಯಾಸದಂತೆ ಝೂಮನ್ನು ತಪ್ಪು ಕಡೆಗೆ ತಿರುಗಿಸಿ, ಬರೀ ಮೂಗು ತುಂಬಿದ ಫೋಟೋ ಬರ್ತಿತ್ತು. ಯಾವ ರಿವ್ಯೂ ವಿಡಿಯೋದಲ್ಲೂ ಈ ಕೈಯ ಕಥೆ ಯಾರೂ ಹೇಳುವುದಿಲ್ಲ, ಯಾಕಂದ್ರೆ ಅವರು ಪಾರ್ಕಲ್ಲಿ ನಾಯಿ ಓಡಿಸಿ ಟೆಸ್ಟ್ ಮಾಡುವುದು.

ರಾತ್ರಿ ಆಯ್ತು. ಫ್ಲಡ್‌ಲೈಟ್ ಹಾಕಿದರು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಲವು ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗ್ತವೆ. ಕಣ್ಣಿಗೆ ಗೊತ್ತಾಗುದಿಲ್ಲ, ಆದರೆ ಶಟರ್ ಸ್ಪೀಡ್ ಜಾಸ್ತಿ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದ್ದು ಕಪ್ಪು. ನನ್ನ ಹಳೆಯ ಕ್ಯಾನನ್‌ನಲ್ಲಿ ಇದನ್ನು ಅಳೆದು, ಬೆಳಕು ಜೋರಿರುವ ಕ್ಷಣಕ್ಕೆ ಕಾದು ಹೊಡೆಯುವ ಸೆಟ್ಟಿಂಗ್ ಉಂಟು, ಅದು ಯಾವಾಗಲೂ ಆನ್ ಇರ್ತದೆ. ಝೆಡ್ 9ರಲ್ಲೂ ಫ್ಲಿಕರ್ ಸೆಟ್ಟಿಂಗ್ ಉಂಟು, ನನಗೆ ನೆನಪಾದದ್ದು ರಾತ್ರಿ ಒಂದು ಗಂಟೆಗೆ.

ಸದ್ದಿನ ಬಗ್ಗೆ ಒಂದು ಹೇಳ್ಲೇಬೇಕು. ಝೆಡ್ 9ರಲ್ಲಿ ಶಟರ್ ಪರದೆಯೇ ಇಲ್ಲ. ಮಾಮೂಲಿ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದುವುದು ನಿಧಾನ ಆದರೆ ಬೀಸಿದ ಕ್ರಿಕೆಟ್ ಬ್ಯಾಟು ಬಾಳೆಹಣ್ಣಿನ ಹಾಗೆ ಬಾಗಿ ಕಾಣ್ತದೆ. ಅದಕ್ಕೇ ಪರದೆ ಬೇಕಾಗಿದ್ದು. ಈಗ ಸೆನ್ಸರ್ ಬೆನ್ನಿಗೇ ಮೆಮೊರಿ ಅಂಟಿಸಿ ಬಹಳ ಬೇಗ ಓದಿಸ್ತಾರೆ. ಝೆಡ್ 9 ಇಡೀ ಚಿತ್ರ ಓದಿ ಮುಗಿಸಲಿಕ್ಕೆ ತಗೊಳ್ಳುವುದು ಒಂದು ಸೆಕೆಂಡನ್ನು 250 ಭಾಗ ಮಾಡಿದರೆ ಅದರಲ್ಲಿ ಸುಮಾರು ಒಂದು ಭಾಗ. ಹಾಗಾಗಿ 2021ರಲ್ಲಿ ನಿಕಾನ್‌ನವರು ಪರದೆಯನ್ನೇ ತೆಗೆದುಹಾಕಿದರು. ಸೋನಿಯವರು 2023ರ ಎ 9 ಮಾರ್ಕ್ 3ರಲ್ಲಿ ಇನ್ನೂ ಮುಂದೆ ಹೋಗಿ ಎಲ್ಲ ಸಾಲನ್ನೂ ಒಟ್ಟಿಗೇ ಹಿಡಿಯುವ ಸೆನ್ಸರ್ ಹಾಕಿದರು. ಅದನ್ನು ನಾನು ಕೈಯಲ್ಲಿ ಹಿಡಿದಿಲ್ಲ, ಹಿಡಿಯುವ ಅಂದಾಜೂ ಇಲ್ಲ.

ಪರದೆ ಇಲ್ಲ ಅಂದರೆ ಸದ್ದಿಲ್ಲ. ಬೇಕಾದರೆ ಸ್ಪೀಕರ್‌ನಿಂದ ‘ಚಿಕ್ ಚಿಕ್’ ಅಂತ ಸುಳ್ಳು ಸದ್ದು ಹಾಕಿಕೊಳ್ಳಬಹುದು. ಎಲೆಕ್ಟ್ರಿಕ್ ಸ್ಕೂಟರಿಗೆ ಬುಲೆಟ್ ಸದ್ದು ಹಾಕಿದ ಹಾಗೆ. ನಾನು ಹಾಕಿದೆ, ನಾಚಿಕೆ ಏನಿಲ್ಲ. ನನ್ನ ಕ್ಯಾನನ್ನಿನ ಕನ್ನಡಿ ಬಡಿಯುವ ಸದ್ದಿಗೆ ನನ್ನ ಉಸಿರು ಹೊಂದಿಕೊಂಡಿದೆ. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅನ್ನುವುದು ಕಿವಿಗೆ ಗೊತ್ತು. ಸದ್ದಿಲ್ಲದಿದ್ದರೆ ಬೆರಳು ಬಿಡುವುದೇ ಇಲ್ಲ. ಬೆಳಿಗ್ಗೆ ನೋಡಿದರೆ 4,112 ಫೋಟೋ! ಮಾಮೂಲಿಗೆ ನಾನು ತೆಗೆಯುವುದು ಸಾವಿರದೈನೂರು. ಒಂದೊಂದೂ 45.7 ಮೆಗಾಪಿಕ್ಸೆಲ್. ನನ್ನ ಲ್ಯಾಪ್‌ಟಾಪ್ ಫ್ಯಾನು ಲಾರಿ ಹಾಗೆ ಸದ್ದು ಮಾಡಿತು. ಹತ್ತು ನಿಮಿಷದಲ್ಲಿ ಒಂದು ಫೋಟೋ ಕಳಿಸಿ ಅನ್ನುವವರಿಗೆ ಇದರಲ್ಲಿ ಎಲ್ಲಿಂದ ಹುಡುಕಿ ಕಳಿಸುವುದು?

ಈಗ ಆ ಫೋಟೋ ವಿಷಯಕ್ಕೆ ಬರ್ತೇನೆ.

ಕಂಬಳದಲ್ಲಿ ಕನೆಹಲಗೆ ಅಂತ ಒಂದು ವಿಭಾಗ ಉಂಟು. ಇದರಲ್ಲಿ ಯಾರು ಮೊದಲು ಅಂತ ನೋಡುವುದಲ್ಲ. ಕೋಣಗಳು ಎಳೆಯುವ ಹಲಗೆಯ ಮೇಲೆ ಓಟಗಾರ ಒಂದು ಕಾಲಿಟ್ಟು ನಿಲ್ತಾನೆ. ಹಲಗೆಯಲ್ಲಿ ತೂತು ಇರ್ತದೆ, ಅದರಿಂದ ನೀರು ಮೇಲಕ್ಕೆ ಚಿಮ್ಮಬೇಕು. ಎತ್ತರದಲ್ಲಿ ಅಡ್ಡಕ್ಕೆ ಬಟ್ಟೆ ಕಟ್ಟಿರ್ತಾರೆ, ನಿಶಾನೆ ಅಂತ. ಆರೂವರೆ ಕೋಲು, ಏಳೂವರೆ ಕೋಲು ಅಂತ ಲೆಕ್ಕ. ನೀರು ಆ ಬಟ್ಟೆಗೆ ತಾಗಿತಾ ಇಲ್ವಾ ಅನ್ನುವುದೇ ಪ್ರಶ್ನೆ. ಜನ ಎಲ್ಲ ಮೇಲೆ ನೋಡ್ತಾರೆ. ಫೋಟೋಗ್ರಾಫರಿಗೆ ನೀರು ಬಟ್ಟೆಗೆ ತಾಗುವುದೂ ಬೇಕು, ಕೆಳಗೆ ಓಟಗಾರನ ಮುಖವೂ ಬೇಕು. ಎರಡೂ ಒಂದೇ ಫ್ರೇಮಿನಲ್ಲಿ ಆರು ವರ್ಷದಲ್ಲಿ ನನಗೆ ಸಿಕ್ಕಿದ್ದು ಸೊನ್ನೆ.

ಝೆಡ್ 9ರಲ್ಲಿ ಪ್ರೀ ರಿಲೀಸ್ ಕ್ಯಾಪ್ಚರ್ ಅಂತ ಉಂಟು. ಮೊದಲು ಇರಲಿಲ್ಲ, 2022ರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬಂದದ್ದು. ಬಟನ್ ಅರ್ಧ ಒತ್ತಿ ಹಿಡಿದರೆ ಕ್ಯಾಮೆರಾ ಒಳಗೊಳಗೇ ಚಿತ್ರ ತುಂಬಿಸಿಕೊಳ್ತಾ ಇರ್ತದೆ. ಪೂರ್ತಿ ಒತ್ತಿದಾಗ, ಒತ್ತುವ ಮೊದಲಿನ ಒಂದು ಸೆಕೆಂಡಿನ ತನಕದ ಫೋಟೋಗಳನ್ನೂ ಉಳಿಸ್ತದೆ. ಜೆಪೆಗ್ ಮಾತ್ರ, ರಾ ಸಿಗುದಿಲ್ಲ. ಆದರೂ ಯೋಚನೆ ಮಾಡಿ, ಒಂದು ಸೆಕೆಂಡ್ ಅಂದರೆ ನಮ್ಮ ಕರೆಯಲ್ಲಿ ಹತ್ತು ಮೀಟರ್. ನಾನು ತಡ ಮಾಡಿದರೂ ಕ್ಯಾಮೆರಾ ಹತ್ತು ಮೀಟರ್ ಹಿಂದೆ ಹೋಗಿ ತಂದುಕೊಡ್ತದೆ.

ಹಾಗೆ ಸಿಕ್ಕಿತು. ನೀರು ನಿಶಾನೆಗೆ ತಾಗಿ ಬಟ್ಟೆ ಸ್ವಲ್ಪ ಉಬ್ಬಿದೆ. ಕೆಳಗೆ ಎರಡು ಕೋಣದ ನಡುವೆ, ಫ್ರೇಮಿನ ಒಂದು ಬದಿಗೆ, ಓಟಗಾರನ ಮುಖ. ಕೂದಲಿನಿಂದ ನೀರು ಇಳೀತಾ ಉಂಟು. ಕಣ್ಣು ಎರಡೂ ಮುಚ್ಚಿದೆ.

ಆರು ವರ್ಷದಲ್ಲಿ ನಾನು ಗಮನಿಸದ ವಿಷಯ ಅದು. ಅವರು ಕಣ್ಣು ಮುಚ್ಚಿಕೊಳ್ತಾರೆ ಅಂತಲೇ ಗೊತ್ತಿರಲಿಲ್ಲ. ಬೆಳಿಗ್ಗೆ ಚಹಾದ ಹತ್ತಿರ ಆ ಓಟಗಾರ ಸಿಕ್ಕಿದರು, ಕ್ಯಾಮೆರಾ ಪರದೆಯಲ್ಲಿ ತೋರಿಸಿದೆ. ನಕ್ಕರು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳ್ತೇನೆ: ‘ಕಣ್ಣು ಬಿಟ್ಟರೆ ಕೆಸರು ಹೋಗ್ತದೆ. ದಾರಿ ಕೋಣಕ್ಕೆ ಗೊತ್ತುಂಟಲ್ಲ.’ ಆಮೇಲೆ ವಾಟ್ಸಾಪ್‌ಗೆ ಕಳಿಸಿ ಅಂತ ನಂಬರ್ ಕೊಟ್ಟರು.

ಈಗ ನನ್ನ ತಲೆ ತಿಂತಾ ಇರುವ ಪ್ರಶ್ನೆ ಇದು. ಆ ಫೋಟೋ ನಾನು ತೆಗೆದದ್ದಾ? ಫೈಲ್‌ಗಳ ಸಮಯ ನೋಡಿದೆ. ನನ್ನ ಬೆರಳು ಪೂರ್ತಿ ಒತ್ತುವ ಮೊದಲಿನದ್ದು ಅದು. ಅಂದರೆ ನಾನು ತಡ ಮಾಡಿದ್ದೆ. ನನ್ನ ಕ್ಯಾನನ್ ಇದ್ದಿದ್ದರೆ ಆ ಕ್ಷಣ ಹೋಗಿತ್ತು. ಆದರೆ ಎಲ್ಲಿ ನಿಲ್ಲಬೇಕು, ಯಾವ ಜೋಡಿ ನೀರು ಎತ್ತರ ಹಾರಿಸ್ತದೆ, ಬೆಳಕಿನ ಕಂಬ ಯಾವ ಬದಿಗೆ ಇರಬೇಕು ಅನ್ನುವುದು ಆ ಕ್ಯಾಮೆರಾಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೀಗೆ ಹೇಳಿಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಪೂರ್ತಿ ಸಮಾಧಾನ ಆಗಿಲ್ಲ. ನಿಮಗೆ ಏನನ್ನಿಸ್ತದೆ ಅಂತ ಬರೆದು ತಿಳಿಸಿ, ನಿಜವಾಗಿ ಕೇಳ್ತಿದ್ದೇನೆ.

ಭಾನುವಾರ ಸಂಜೆ ಅಣ್ಣನ ಮನೆಗೆ ಹೋದೆ. ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದದ್ದು. ‘ಅಣ್ಣ, ನಿಮ್ಮ ಕ್ಯಾಮೆರಾ ಕೊಟ್ಟು ನಿಕಾನ್ ತಗೊಳ್ಳುವಾ ಅಂತ...’ ಅಂದೆ. ಅವರು ಎದ್ದು ಒಳಗೆ ಹೋದರು. ಬೇಜಾರಾಯ್ತು ಅಂದುಕೊಂಡೆ. ನೋಡಿದರೆ ಕಪಾಟಿನಿಂದ ಒಂದು ನಿಕಾನ್ ಎಫ್‌ಎಂ 2 ತಂದು ಮೇಜಿನ ಮೇಲಿಟ್ಟರು. ಅವರ ಮೊದಲ ಕ್ಯಾಮೆರಾ ಅದು. ‘ನಾನು ನಿಕಾನ್‌ನವನೇ ಇದ್ದದ್ದು ಮಾರಾಯ’ ಅಂದರು.

ವಿಷಯ ಏನಂದ್ರೆ, 1987ರಲ್ಲಿ ಕ್ಯಾನನ್‌ನವರು ತಮ್ಮ ಹಳೆಯ ಲೆನ್ಸ್ ಮೌಂಟನ್ನೇ ಬಿಟ್ಟುಬಿಟ್ಟರು. ಇದ್ದ ಗಿರಾಕಿಗಳ ಲೆನ್ಸೆಲ್ಲ ಹೊಸ ಕ್ಯಾಮೆರಾಗೆ ಕೂರುವುದಿಲ್ಲ. ಎಷ್ಟು ಜನ ಬೈದಿರಬೇಡ! ನಿಕಾನ್‌ನವರು 1959ರ ಮೌಂಟನ್ನೇ ಇಟ್ಟುಕೊಂಡು ಬಂದರು. ಆದರೆ ಕ್ಯಾನನ್ ಹೊಸ ಮೌಂಟಿನಲ್ಲಿ ಫೋಕಸ್ ಮೋಟರನ್ನು ಲೆನ್ಸಿನ ಒಳಗೇ ಇಟ್ಟಿತು, ಅದು ವೇಗವಾಗಿ ಓಡಿತು. ತೊಂಬತ್ತರ ದಶಕದಲ್ಲಿ ಮೈದಾನದ ಬದಿಯಲ್ಲೆಲ್ಲ ಬಿಳಿ ಲೆನ್ಸು. ಅಣ್ಣನೂ ಆಗ ಕಬಡ್ಡಿ, ಫುಟ್‌ಬಾಲ್ ತೆಗೀಲಿಕ್ಕೆ ಅಂತ ಸಾಲ ಮಾಡಿ ಕ್ಯಾನನ್‌ಗೆ ಬಂದವರು. ಆಮೇಲೆ 2007ರಲ್ಲಿ ನಿಕಾನ್ ಡಿ 3 ಬಂದಾಗ ಎಷ್ಟೋ ಜನ ವಾಪಸ್ ಹೋದರು. 2017ರಲ್ಲಿ ಸೋನಿ ಎ 9 ಬಂತು, 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆ ತನ್ನ ಫೋಟೋಗ್ರಾಫರುಗಳಿಗೆ ಸೋನಿ ಕೊಡುವುದಾಗಿ ಹೇಳಿತು. ದೊಡ್ಡವರೆಲ್ಲ ಪಾರ್ಟಿ ಚೇಂಜ್ ಮಾಡ್ತಲೇ ಇದ್ದಾರೆ. ನಾವು ಮಾತ್ರ ಕಾಮೆಂಟಿನಲ್ಲಿ ಜಗಳ ಆಡ್ತಾ ಇರುವುದು.

‘ಕ್ಯಾಮೆರಾ ಮಾರು, ನನಗೆಂತ ಬೇಜಾರಿಲ್ಲ’ ಅಂದರು ಅಣ್ಣ. ‘ಆದ್ರೆ ಕಂಬಳದಲ್ಲಿ ನಿಂಗೆ ಈ ವರ್ಷ ಎಷ್ಟು ಬಂತು ಹೇಳು.’

ಹೇಳ್ತೇನೆ, ನಿಮಗೂ ಹೇಳ್ತೇನೆ. ಕಳೆದ ಇಡೀ ಸೀಸನ್‌ನಲ್ಲಿ ಆಟೋಟದ ಫೋಟೋದಿಂದ ನನಗೆ ಬಂದದ್ದು 38 ಸಾವಿರ ರೂಪಾಯಿ. ಪೆಟ್ರೋಲು, ಊಟ ಕಳೆಯದೆ. ನನ್ನ ಕ್ಯಾಮೆರಾ, ಲೆನ್ಸ್ ಎಲ್ಲ ಮಾರಿದರೆ ಒಂದೂಮುಕ್ಕಾಲು ಲಕ್ಷ ಸಿಗಬಹುದು. ಮೇಲೆ ಒಂದೂವರೆ ಲಕ್ಷ ಹಾಕಬೇಕು. ಆ ಹಣ ಆಟೋಟದಿಂದಲೇ ಹುಟ್ಟಬೇಕಾದರೆ ನಾಲ್ಕು ವರ್ಷ ಬೇಕು. ನಾಲ್ಕು ವರ್ಷದಲ್ಲಿ ಆ ಕ್ಯಾಮೆರಾದ ಬೆಲೆ ಎಲ್ಲಿಗೆ ಇಳಿದಿರ್ತದೆ? ಡಿಪ್ರಿಸಿಯೇಷನ್ ಅಂತ ಎರಡನೇ ವರ್ಷದ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದದ್ದು ಈಗ ಅರ್ಥ ಆಗ್ತಿದೆ. ಇನ್ನೊಂದು ದಾರಿಯೂ ಉಂಟು. ಕ್ಯಾನನ್‌ನಲ್ಲೇ ಇದ್ದು ಆರ್ ಸರಣಿಯ ಕನ್ನಡಿ ಇಲ್ಲದ ಬಾಡಿ ಒಂದು ತಗೊಂಡರೆ, ಅಡಾಪ್ಟರ್ ಹಾಕಿ ನನ್ನ ಹಳೆಯ ಲೆನ್ಸನ್ನೇ ಉಪಯೋಗಿಸಬಹುದು, ಎಡಗೈಯೂ ಗೊಂದಲ ಆಗುದಿಲ್ಲ. ಮದುವೆ ಕೆಲಸಕ್ಕೂ ಆಗ್ತದೆ. ಬ್ರ್ಯಾಂಡ್ ಬದಲಾಯಿಸುವುದರಲ್ಲಿ ದುಬಾರಿ ಆಗುವುದು ಬಾಡಿ ಅಲ್ಲ, ಲೆನ್ಸು. ಇದನ್ನು ಹೊಸಬರು ನೆನಪಿಡಿ, ಮೊದಲ ಕ್ಯಾಮೆರಾ ತಗೊಳ್ಳುವಾಗ ಬಾಡಿ ನೋಡಬೇಡಿ, ಸೆಕೆಂಡ್ ಹ್ಯಾಂಡಿನಲ್ಲಿ ಯಾವ ಲೆನ್ಸು ನಿಮ್ಮ ಊರಲ್ಲಿ ಸಿಗ್ತದೆ ನೋಡಿ.

ಸೋಮವಾರ ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿ ಬೇಡ ಅಂದೆ. ಎಫ್‌ಡಿ ಮುಟ್ಟುದಿಲ್ಲ ಅಂತ ಅಪ್ಪನಿಗೂ ಹೇಳಿದೆ. ಅಪ್ಪ ‘ಹೂಂ’ ಅಂದು ಪೇಪರ್ ಓದಿದರು. ನನಗೆ ಹಗುರ ಆಯ್ತಾ ಅಂದ್ರೆ ಇಲ್ಲ. ಆ ಕಣ್ಣು ಮುಚ್ಚಿದ ಮುಖ ಇನ್ನೂ ಫೋನಿನ ವಾಲ್‌ಪೇಪರ್ ಆಗಿ ಉಂಟು.

ಗೆಳೆಯ ಎರಡು ನಿಮಿಷ ಬಿಟ್ಟು ವಾಪಸ್ ಫೋನ್ ಮಾಡಿದ. ಕಾಯ್ತಾ ಇದ್ದ ಗಿರಾಕಿಗೆ ಹಣ ಹೊಂದಿಸಲಿಕ್ಕೆ ಇಪ್ಪತ್ತು ದಿನ ಬೇಕಂತೆ. ‘ಅಲ್ಲಿವರೆಗೆ ನಿನ್ನ ಹತ್ತಿರವೇ ಇರ್ಲಿ, ಕೆಸರು ಒರೆಸಿ ಕೊಡು’ ಅಂದ.

ಇಪ್ಪತ್ತು ದಿನ ಅಂದರೆ ಎರಡು ಕಂಬಳ. ಈ ಶನಿವಾರ ಮಂಜೊಟ್ಟಿಯ ಹತ್ತಿರ ಸಿಕ್ಕಿದರೆ ಮಾತಾಡಿಸಿ, ಎರಡು ಹೆಗಲಿಗೆ ಎರಡು ಕ್ಯಾಮೆರಾ ಹಾಕಿಕೊಂಡವನು ನಾನೇ. ಈಗ ಹೊರಡ್ತೇನೆ, ಎರಡು ಥರದ ಚಾರ್ಜರ್, ಮನೆಯಲ್ಲಿ ಪ್ಲಗ್ ಪಾಯಿಂಟ್ ಒಂದೇ. ಮುಂದಿನ ವಾರ ಸಿಗುವಾ.